ದುಡ್ಡಿದ್ದವನಿಗೆ ಮಾತ್ರ ಬುದ್ಧಿಯೇ?

ಸೆಬಿ ದೊರೆಗಳ ಜೇಬು ಪರೀಕ್ಷೆಗೆ ಕನ್ನಡದ ಹುಡುಗರ ಉತ್ತರ

ವಿಜಯನಗರದ ಒಂದು ಪಿ.ಜಿ.ಯಲ್ಲಿ ನಮ್ಮ ಸಂಘದ ಹುಡುಗನೊಬ್ಬ ಇದ್ದಾನೆ. ಹಾಸನ ಜಿಲ್ಲೆಯವನು. ಐಟಿಐ ಮುಗಿಸಿ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಾನೆ. 2023ರಲ್ಲಿ ಯಾರದೋ ವಿಡಿಯೋ ನೋಡಿ ಮೊಬೈಲಿನಲ್ಲಿ ಆಪ್ಷನ್ ಆಟಕ್ಕೆ ಇಳಿದ. ನಾಲ್ಕು ತಿಂಗಳಲ್ಲಿ 84 ಸಾವಿರ ಕಳೆದುಕೊಂಡ. 'ಎಚ್ಚರಿಕೆ ಅಂತ ಬರೆದಿರಲಿಲ್ಲವೇನೋ?' ಎಂದು ಕೇಳಿದೆ. ಫೋನ್ ತೆಗೆದು ತೋರಿಸಿದ. ಇಂಗ್ಲಿಷಿನಲ್ಲಿ ಒಂದು ಚೌಕ, ಅದರೊಳಗೆ ಆರು ಸಾಲು, ಕೆಳಗೆ 'ನನಗೆ ಅರ್ಥವಾಗಿದೆ' ಎಂದು ಇಂಗ್ಲಿಷಿನಲ್ಲೇ ಒಂದು ಗುಂಡಿ. 'ಓದಲಿಲ್ಲ ಅಣ್ಣ. ಒತ್ತದಿದ್ರೆ ಒಳಗೇ ಬಿಡಲ್ಲ, ಒತ್ತಿದೆ' ಎಂದ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಹುಡುಗನಿಗೆ ಛಲ ಬಂತು. ಬ್ಯಾಂಕಿನಿಂದ ನಿವೃತ್ತರಾದ ಮೇಷ್ಟ್ರಂಥ ಹಿರಿಯರೊಬ್ಬರ ಬಳಿ ಒಂದು ವರ್ಷ ಭಾನುವಾರ ಭಾನುವಾರ ಕೂತು ಕನ್ನಡದಲ್ಲಿ ಕಲಿತ. ಆಪ್ಷನ್ ಅನ್ನುವುದು ಜೂಜಿಗೂ ಆಗುತ್ತದೆ, ವಿಮೆಗೂ ಆಗುತ್ತದೆ ಎಂಬುದು ತಿಳಿಯಿತು. ತಂಗಿಯ ಮದುವೆಗೆಂದು ಐದು ವರ್ಷ ಓಟಿ ಮಾಡಿ ಇಂಡೆಕ್ಸ್ ಫಂಡಿನಲ್ಲಿ ಕೂಡಿಸಿದ್ದ ಐದು ಲಕ್ಷ ರೂಪಾಯಿ ಇತ್ತು. ಪೇಟೆ ಬಿದ್ದರೆ ಗತಿಯೇನೆಂದು, ಆ ದುಡ್ಡಿಗೆ ವಿಮೆಯಾಗಿ ಒಂದು ನಿಫ್ಟಿ ಪುಟ್ ಆಪ್ಷನ್ ಕೊಳ್ಳಲು ಹೊರಟ. ಅಷ್ಟರಲ್ಲಿ 2024ರ ನವೆಂಬರ್ 20 ಬಂತು. ಸೆಬಿ ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿತ್ತು. 25 ಇದ್ದ ನಿಫ್ಟಿ ಲಾಟ್ 75ಕ್ಕೆ ಹೋಯಿತು. ಐದಾರು ಲಕ್ಷದ ದುಡ್ಡಿಗೆ ಸರಿಹೊಂದುತ್ತಿದ್ದ ವಿಮೆ ಹದಿನೇಳು ಲಕ್ಷದ ವಿಮೆಯಾಯಿತು. ಹುಡುಗ ಕೈಬಿಟ್ಟ.

2024ರ ಸೆಪ್ಟೆಂಬರ್ ಕೊನೆಯಲ್ಲಿ 26 ಸಾವಿರ ದಾಟಿದ್ದ ನಿಫ್ಟಿ 2025ರ ಮಾರ್ಚ್ ಮೊದಲ ವಾರ 22 ಸಾವಿರದ ಆಸುಪಾಸಿಗೆ ಬಂದು ನಿಂತಿತು. ತಂಗಿಯ ಮದುವೆಯ ದುಡ್ಡೂ ಅದರ ಜೊತೆಗೇ ಇಳಿಯಿತು.

ಏನೂ ಗೊತ್ತಿಲ್ಲದಾಗ ಬಾಗಿಲು ಹಾರುಹೊಡೆದಿತ್ತು. ಗೊತ್ತಾದ ಮೇಲೆ ಅದೇ ಬಾಗಿಲು ಮುಚ್ಚಿಕೊಂಡಿತು. ಇದಕ್ಕೆ ಸೆಬಿ ಇಟ್ಟ ಹೆಸರು ಹೂಡಿಕೆದಾರರ ರಕ್ಷಣೆ!

ಮೊದಲು ಸತ್ಯ ಒಪ್ಪಿಕೊಳ್ಳೋಣ

ಈ ಪತ್ರಿಕೆ ಯಾರಿಗೂ ಜೂಜು ಆಡಿ ಎಂದು ಹೇಳುವುದಿಲ್ಲ. ಸೆಬಿಯ ಅಂಕಿ ಸುಳ್ಳೆಂದೂ ಹೇಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದು ಹೊರಡಿಸಿದ ಅಧ್ಯಯನ ಭಯಂಕರವಾಗಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಪೇಟೆಗೆ ಇಳಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಜನ ಕಳೆದುಕೊಂಡರು. ಕಳೆದುಕೊಂಡ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು 100ಕ್ಕೆ ಒಬ್ಬ. ಆಡಿದವರಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ ಶೇ. 43ಕ್ಕೆ ಏರಿತ್ತು. ಮುಕ್ಕಾಲು ಪಾಲಿಗೂ ಹೆಚ್ಚು ಜನ ತಮ್ಮ ವರ್ಷದ ಆದಾಯ ಐದು ಲಕ್ಷಕ್ಕಿಂತ ಕಡಿಮೆ ಎಂದು ತೋರಿಸಿಕೊಂಡವರು.

ಈ ಲೆಕ್ಕದಲ್ಲಿ ನಮ್ಮ ತಮ್ಮಂದಿರೂ ಇದ್ದಾರೆ. ಬೈಕ್ ಅಡವಿಟ್ಟವರು, ಅಮ್ಮನ ಸರ ಅಡವಿಟ್ಟವರು, ಮೊಬೈಲ್ ಸಾಲದ ಆ್ಯಪಿಗೆ ಸಿಕ್ಕಿ ಊರು ಬಿಟ್ಟವರು. ಸಾಲ ಮಾಡಿ ಆಡುವವನಿಗೆ ನಮ್ಮ ಬೆಂಬಲ ಇಲ್ಲ. ಅಂಥವನ ಫೋನ್ ಕಿತ್ತುಕೊಳ್ಳಿ ಎಂದೇ ನಮ್ಮ ಸಲಹೆ.

ಇಲ್ಲಿಯವರೆಗೆ ಸೆಬಿಗೂ ನಮಗೂ ಜಗಳವಿಲ್ಲ. ಜಗಳ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ತಿಳಿಯದೆ ಕಳೆದುಕೊಂಡವನಿಗೆ ತಿಳಿವಳಿಕೆ ಕೊಡಬೇಕೋ, ಬಡವನೆಂದು ಹೊರಗೆ ಅಟ್ಟಬೇಕೋ? ಸೆಬಿ ಎರಡನೆಯದನ್ನು ಆರಿಸಿಕೊಂಡಿತು.

ಎಲ್ಲ ಬಾಗಿಲಿಗೂ ಒಂದೇ ಬೀಗ

ಕಣ್ಣು ಬಿಟ್ಟು ನೋಡಿ. 2000ದ ಜೂನಿನಲ್ಲಿ ಸೂಚ್ಯಂಕದ ಫ್ಯೂಚರ್ಸ್ ಶುರುವಾದಾಗ ಒಪ್ಪಂದದ ಕನಿಷ್ಠ ಮೌಲ್ಯ 2 ಲಕ್ಷ. 2015ರಲ್ಲಿ 5 ಲಕ್ಷ. 2024ರಲ್ಲಿ 15 ಲಕ್ಷ.

ಷೇರು ಇಳಿದರೂ ಲಾಭ ಕಾಣುವ ತಂತ್ರ ಬಳಸಬಲ್ಲ ಹೊಸ ಬಗೆಯ ಫಂಡ್ ಒಂದನ್ನು 2025ರ ಏಪ್ರಿಲ್‌ನಿಂದ ಜಾರಿಗೆ ತಂದರು. 'ವಿಶೇಷ ಹೂಡಿಕೆ ನಿಧಿ' ಎಂದು ಅದರ ಹೆಸರಿನ ಅರ್ಥ. ಒಳಗೆ ಹೋಗಲು ಕನಿಷ್ಠ 10 ಲಕ್ಷ. ನಿಮ್ಮ ಹೆಸರಿನಲ್ಲಿ ಬೇರೆಯವರು ಷೇರು ನೋಡಿಕೊಳ್ಳುವ ಪೋರ್ಟ್‌ಫೋಲಿಯೋ ಸೇವೆಗೆ 25 ಲಕ್ಷ ಇದ್ದದ್ದನ್ನು 50 ಲಕ್ಷ ಮಾಡಿದರು. ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಪರ್ಯಾಯ ಹೂಡಿಕೆ ನಿಧಿಗೆ ಒಂದು ಕೋಟಿ. 2021ರಲ್ಲಿ 'ಮಾನ್ಯತೆ ಪಡೆದ ಹೂಡಿಕೆದಾರ' ಎಂಬ ಒಂದು ಮೇಲ್ಜಾತಿಯನ್ನೇ ಹುಟ್ಟಿಸಿದರು. ವರ್ಷಕ್ಕೆ 2 ಕೋಟಿ ಆದಾಯ ಇರಬೇಕು, ಇಲ್ಲವೇ ಏಳೂವರೆ ಕೋಟಿ ಆಸ್ತಿ ಇದ್ದು ಅದರಲ್ಲಿ ಅರ್ಧ ಹಣಕಾಸಿನ ರೂಪದಲ್ಲಿರಬೇಕು. ಇಷ್ಟಿದ್ದರೆ ನೀವು ತಿಳಿದವರು!

ಈ ಪಟ್ಟಿಯಲ್ಲಿ ಎಲ್ಲಾದರೂ 'ನಿನಗೆ ಇದು ಅರ್ಥವಾಗಿದೆಯೇನಪ್ಪ?' ಎಂಬ ಪ್ರಶ್ನೆ ಇದೆಯೇ? ಇಲ್ಲ. ಇರುವ ಪ್ರಶ್ನೆ ಒಂದೇ: 'ನಿನ್ನ ಹತ್ತಿರ ಎಷ್ಟಿದೆ?'

ಅಪ್ಪನ ಜಮೀನು ಮಾರಿ ಎಂಟು ಕೋಟಿ ಎಣಿಸಿ, ಬಡ್ಡಿ ಎಂದರೇನೆಂದು ತಿಳಿಯದವನು ಒಳಗೆ. ಎಂ.ಕಾಂ. ಮಾಡಿ, ಬ್ಯಾಲೆನ್ಸ್ ಶೀಟನ್ನು ಪಂಚಾಂಗದಂತೆ ಓದಬಲ್ಲ, ತಿಂಗಳಿಗೆ 30 ಸಾವಿರದ ಹುಡುಗಿ ಹೊರಗೆ. ಇದು ಯಾವ ನ್ಯಾಯ ಸ್ವಾಮಿ?

ನಮ್ಮ ವಠಾರದ ಹೆಂಗಸರಿಗೆ ಯಾರು ಪಾಠ ಹೇಳಿದರು?

'ಇವೆಲ್ಲ ಜಟಿಲ ವ್ಯವಹಾರ, ಸಾಮಾನ್ಯ ಜನಕ್ಕೆ ಅರ್ಥವಾಗುವುದಿಲ್ಲ' ಎನ್ನುತ್ತಾರೆ. ಅರ್ಥವಾಗದಿರುವುದು ವ್ಯವಹಾರವೋ, ಅವರ ಭಾಷೆಯೋ?

ನಿಮ್ಮ ಬೀದಿಯ ಚೀಟಿ ವ್ಯವಹಾರ ನೋಡಿ. ಇಪ್ಪತ್ತು ಜನ, ಇಪ್ಪತ್ತು ತಿಂಗಳು. ತುರ್ತಿರುವವರು ಕೂಗಿ ಕಡಿಮೆಗೆ ಎತ್ತುತ್ತಾರೆ, ಬಿಟ್ಟ ಹಣ ಉಳಿದವರಿಗೆ ಹಂಚಿಕೆಯಾಗುತ್ತದೆ. ಈ ತಿಂಗಳು ಎತ್ತಿದರೆ ಬಡ್ಡಿ ಎಷ್ಟು ಬಿದ್ದಂತೆ, ಕೊನೆಯವರೆಗೆ ಕಾದರೆ ಎಷ್ಟು ಗಿಟ್ಟುತ್ತದೆ, ಚೀಟಿ ನಡೆಸುವವಳು ಓಡಿಹೋಗುವ ಸಂಭವ ಎಷ್ಟು — ಇಷ್ಟನ್ನೂ ಏಳನೇ ಕ್ಲಾಸು ಓದಿದ ನಮ್ಮಮ್ಮ ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕುತ್ತಾಳೆ. ಇದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದರೆ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಒಂದು ಸೆಮಿಸ್ಟರಿನ ಪಾಠ!

ಮಲೆನಾಡಿನ ಅಡಿಕೆ ಚೇಣಿ ನೋಡಿ. ಫಸಲು ಮರದ ಮೇಲಿರುವಾಗಲೇ ಚೇಣಿದಾರ ಬಂದು ತೋಟ ಸುತ್ತಿ, ಗೊನೆ ನೋಡಿ, ಮಾತು ಕಟ್ಟುತ್ತಾನೆ. ಬೆಲೆ ಬಿದ್ದರೆ, ಕೊಳೆರೋಗ ಬಂದರೆ ಯಾರ ಪಾಲಿಗೆ ಎಷ್ಟು ಎಂಬುದೆಲ್ಲ ಆ ಮಾತಿನಲ್ಲಿ ಅಡಕ. ಬೆಂಗಳೂರಿನಲ್ಲಿ ಸೈಟಿಗೆ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಅಗ್ರಿಮೆಂಟ್ ಮಾಡಿಕೊಳ್ಳುವುದು ನಿಮಗೆ ಗೊತ್ತಿಲ್ಲವೇ? ಬೆಲೆ ಏರಿದರೆ ಕೊಳ್ಳುತ್ತೀರಿ, ಬಿದ್ದರೆ ಅಡ್ವಾನ್ಸ್ ಬಿಟ್ಟು ನಡೆಯುತ್ತೀರಿ. ಅದೇ ಕಣ್ರೀ ಆಪ್ಷನ್! ಕೊಟ್ಟ ಅಡ್ವಾನ್ಸೇ ಪ್ರೀಮಿಯಂ. ಕನ್ನಡದಲ್ಲಿ ಹೇಳಲು ಎರಡು ನಿಮಿಷ ಸಾಕು. ಮುಂಬೈಯಲ್ಲಿ ಕೂತವರಿಗೆ ಆ ಎರಡು ನಿಮಿಷ ಸಿಕ್ಕಿಲ್ಲ.

ಸಣ್ಣವನ ದುಡ್ಡಿಗೆ ಬೆಲೆ ಕೊಡುವುದನ್ನು ಈ ನಾಡಿಗೆ ಯಾರೂ ಕಲಿಸಬೇಕಾಗಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. 'ನಿನ್ನ ಹತ್ತಿರ ಕೋಟಿ ಇದೆಯಾ?' ಎಂದು ಕೇಳಿದ್ದರೆ ಆ ಬ್ಯಾಂಕು ಹುಟ್ಟುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. 2020ರ ಏಪ್ರಿಲ್ 1ರಂದು ಅದನ್ನು ಕೆನರಾ ಬ್ಯಾಂಕಿನಲ್ಲಿ ಮುಳುಗಿಸಿದರು, ಅದು ಬೇರೆ ಕತೆ.

ಭಾಷೆಯೇ ಮೊದಲ ಬೇಲಿ

ಈಗ ಮೂಲಕ್ಕೆ ಬರೋಣ. ಡೆರಿವೇಟಿವ್ಸ್ ನಿಯಮ ಬಿಗಿ ಮಾಡುವ ಮುನ್ನ ಸೆಬಿ ಜನರ ಅಭಿಪ್ರಾಯ ಕೇಳಿತಂತೆ. ಹೌದು, ಕೇಳಿತು. 2024ರ ಜುಲೈ 30ರಂದು ಕರಡು ಹೊರಡಿಸಿ ಆಗಸ್ಟ್ 20ರವರೆಗೆ ಸಮಯ ಕೊಟ್ಟಿತು. ಮೂರು ವಾರ. ಇಂಗ್ಲಿಷಿನಲ್ಲಿ. ಪೇಟೆಯಲ್ಲಿ ಆಡುವ ಬಿಡಿ ವ್ಯಕ್ತಿಗಳಲ್ಲಿ ಶೇ. 72ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು ಎಂದು ಅದೇ ಸೆಬಿಯ ಅಧ್ಯಯನ ಹೇಳುತ್ತದೆ. ಅಂದರೆ ಹಾಸನದವನು, ಗದಗಿನವನು, ಚಿತ್ರದುರ್ಗದವನು. ಅವನ ಹಣೆಬರಹ ಬರೆಯುವ ಕಾಗದ ಅವನಿಗೆ ಓದಲಾಗದ ಭಾಷೆಯಲ್ಲಿ!

2023ರ ಮೇ ತಿಂಗಳಲ್ಲಿ ಇನ್ನೊಂದು ಸುತ್ತೋಲೆ ಬಂತು. ಹತ್ತರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಎಂಬ ಎಚ್ಚರಿಕೆಯನ್ನು ದಲ್ಲಾಳಿ ಕಂಪನಿಗಳು ಗ್ರಾಹಕ ಲಾಗಿನ್ ಆದ ಕೂಡಲೇ ತೋರಿಸಬೇಕು ಎಂದು. ಒಳ್ಳೆಯ ನಿಯಮ. ಆದರೆ ಅದು ಯಾರ ಕಣ್ಣಿಗೆ ಬಿತ್ತು? ನಮ್ಮ ಹಾಸನದ ಹುಡುಗನಿಗೆ ಅದು ಎಚ್ಚರಿಕೆಯಾಗಿ ಕಾಣಲಿಲ್ಲ, ದಾರಿಗೆ ಅಡ್ಡ ಬಂದ ಕಸದಂತೆ ಕಂಡಿತು. 'ಹತ್ತು ಜನ ಇಳಿದರೆ ಒಂಬತ್ತು ಜನ ಮುಳುಗುತ್ತಾರೆ' ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಆ ಬೆರಳು ಒಂದು ಗಳಿಗೆಯಾದರೂ ತಡೆಯುತ್ತಿರಲಿಲ್ಲವೇ? ಸಿಗರೇಟಿನ ಪ್ಯಾಕಿನ ಮೇಲೆ ಚಿತ್ರ ಹಾಕಿಸಿದ ಸರ್ಕಾರಕ್ಕೆ, ಓದಲು ಬಾರದವನಿಗೂ ಎಚ್ಚರಿಕೆ ಮುಟ್ಟಬೇಕೆಂಬುದು ಗೊತ್ತಿತ್ತು. ಸೆಬಿಗೆ ಮಾತ್ರ ಗೊತ್ತಾಗಲಿಲ್ಲ.

ಇನ್ನೂ ಕೇಳಿ. ಕಂಪನಿಗಳು ಹೊಸ ಷೇರು ಬಿಡುವಾಗ ದಪ್ಪ ಪುಸ್ತಕದಂಥ ದಾಖಲೆ ಯಾರೂ ಓದುವುದಿಲ್ಲವೆಂದು 2024ರಲ್ಲಿ ಸೆಬಿ ಒಂದು ಒಳ್ಳೆಯ ಉಪಾಯ ಮಾಡಿತು: ಮುಖ್ಯ ವಿಷಯಗಳನ್ನು ವಿಡಿಯೋ ಮಾಡಿ ಜನಕ್ಕೆ ತೋರಿಸಿ ಎಂದಿತು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿ. ಸಂವಿಧಾನದ ಎಂಟನೇ ಷೆಡ್ಯೂಲಿನಲ್ಲಿ 22 ಭಾಷೆಗಳಿವೆ. ಸೆಬಿಯ ಕಣ್ಣಿಗೆ ಬಿದ್ದದ್ದು ಒಂದು! ಹಿಂದಿ ಆಡುವವನ ಮೇಲೆ ನಮಗೆ ದ್ವೇಷವಿಲ್ಲ. ಅವನ ಭಾಷೆಯಲ್ಲಿ ಅವನಿಗೆ ತಿಳಿಸಿದ್ದು ಸರಿಯೇ. ಅವನಿಗೆ ಸಿಕ್ಕಿದ್ದು ನಮಗೂ ಸಿಗಲಿ ಎಂಬುದಷ್ಟೇ ನಮ್ಮ ಮಾತು. ಕನ್ನಡಿಗನ ದುಡ್ಡಿಗೆ ಭಾಷೆ ಕೇಳದವರು ಅವನ ತಿಳಿವಳಿಕೆಗೆ ಮಾತ್ರ ಏಕೆ ಭಾಷೆ ಕೇಳುತ್ತಾರೆ?

ಷೇರು ಬಿಡುವ ಕಂಪನಿ ಒಂದು ಇಂಗ್ಲಿಷ್, ಒಂದು ಹಿಂದಿ ಪತ್ರಿಕೆಯ ಜೊತೆಗೆ ತನ್ನ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕು ಎಂಬ ನಿಯಮವಿದೆ. ಕಚೇರಿ ಬೆಂಗಳೂರಿನಲ್ಲಿದ್ದರೆ ಕನ್ನಡಕ್ಕೆ ಒಂದು ಚೌಕ ಸಿಗುತ್ತದೆ. ಕಚೇರಿ ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಇದ್ದರೆ, ಹುಬ್ಬಳ್ಳಿ ಮೈಸೂರುಗಳಿಂದ ಎಷ್ಟೇ ಕೋಟಿ ಎತ್ತಿದರೂ ಕನ್ನಡದಲ್ಲಿ ಒಂದು ಸಾಲು ಬರೆಯುವ ಹಂಗಿಲ್ಲ.

ಹೂಡಿಕೆದಾರರ ಶಿಕ್ಷಣದ ಒಂದು ಕಿರುಹೊತ್ತಿಗೆ ಕನ್ನಡದಲ್ಲಿ ಬಂದಿದೆ, ನಿಜ. ಸಂತೋಷ. ಆದರೆ ಕಿರುಹೊತ್ತಿಗೆಯಲ್ಲಿ ಉಪದೇಶ ಇರುತ್ತದೆ. ಕಾನೂನು, ಕರಡು, ಎಚ್ಚರಿಕೆ, ಕಂಪನಿಯ ವಿವರ — ದುಡ್ಡಿನ ಹಣೆಬರಹ ತೀರ್ಮಾನಿಸುವುದು ಇವು. ಇವುಗಳಲ್ಲಿ ಕನ್ನಡವೆಲ್ಲಿ?

ಜೆ.ಸಿ. ರಸ್ತೆಯಲ್ಲಿ ನಮ್ಮದೇ ಒಂದು ಷೇರುಪೇಟೆ ಇತ್ತೆಂಬುದು ಇಂದಿನ ಹುಡುಗರಿಗೆ ಗೊತ್ತೇ ಇಲ್ಲ. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ 1957ರಲ್ಲಿ ಹುಟ್ಟಿದ್ದು. ವರ್ಷಕ್ಕೆ ಸಾವಿರ ಕೋಟಿ ವಹಿವಾಟು ನಡೆಸಲಾಗದ ಪೇಟೆಗಳು ಬಾಗಿಲು ಹಾಕಬೇಕೆಂದು 2012ರಲ್ಲಿ ಸೆಬಿ ನಿಯಮ ತಂದಿತು. 2014ರ ಡಿಸೆಂಬರಿನಲ್ಲಿ ನಮ್ಮ ಪೇಟೆ ಮುಚ್ಚಿತು. ದೇಶದ ದೊಡ್ಡ ಆನ್‌ಲೈನ್ ದಲ್ಲಾಳಿ ಕಂಪನಿಗಳು ಇಂದು ಬೆಂಗಳೂರಿನಲ್ಲಿವೆ. ಪೇಟೆಯ ಕಾನೂನು ಬರೆಯುವ ಕೈ ಮಾತ್ರ ಮುಂಬೈಯಲ್ಲಿದೆ. ಆ ಕೈಗೆ ಕನ್ನಡ ಬರುವುದಿಲ್ಲ.

ದುಡ್ಡು ಹೋದದ್ದು ಎಲ್ಲಿಗೆ?

ಕಳೆದುಕೊಂಡವರ ಲೆಕ್ಕ ಎಲ್ಲರೂ ಹೇಳುತ್ತಾರೆ. ಗೆದ್ದವರ ಲೆಕ್ಕ ಕೇಳಿ. 2023-24ರಲ್ಲಿ ಖರ್ಚು ಹಿಡಿಯುವ ಮುನ್ನ ಸಣ್ಣವರು ಕಳೆದದ್ದು 61 ಸಾವಿರ ಕೋಟಿ. ಅದೇ ವರ್ಷ ಸ್ವಂತ ಹಣದಲ್ಲಿ ಆಡುವ ದೊಡ್ಡ ವ್ಯಾಪಾರಿ ಸಂಸ್ಥೆಗಳು ಗಳಿಸಿದ್ದು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು ಗಳಿಸಿದ್ದು 28 ಸಾವಿರ ಕೋಟಿ. ಕೂಡಿಸಿ ನೋಡಿ! ಈ ಲಾಭದ ಬಹುಪಾಲು, ನೂರಕ್ಕೆ 95ಕ್ಕೂ ಹೆಚ್ಚು, ಕಂಪ್ಯೂಟರ್ ತಾನೇ ಕೊಳ್ಳುವ, ತಾನೇ ಮಾರುವ ಯಂತ್ರಗಳಿಂದ ಬಂದದ್ದು ಎಂದು ಸೆಬಿಯೇ ಬರೆದಿದೆ. ಮೂರು ವರ್ಷಗಳಲ್ಲಿ ಸಣ್ಣವರು ಬರೀ ವಹಿವಾಟಿನ ಖರ್ಚಿಗೆಂದು ತೆತ್ತದ್ದು ಸುಮಾರು 50 ಸಾವಿರ ಕೋಟಿ. ಅದರಲ್ಲಿ ದಲ್ಲಾಳಿಗೆ ಪಾಲು, ಷೇರುಪೇಟೆಗೆ ಪಾಲು, ಸರ್ಕಾರದ ತೆರಿಗೆಗೆ ಪಾಲು. ಸಾಲದೆಂದು 2024ರ ಬಜೆಟ್ಟಿನಲ್ಲಿ ಆಪ್ಷನ್ ಮಾರಾಟದ ಮೇಲಿನ ತೆರಿಗೆಯನ್ನು ಶೇ. 0.0625ರಿಂದ ಶೇ. 0.1ಕ್ಕೆ ಏರಿಸಿದರು. ಜೂಜು ಕೆಟ್ಟದ್ದು ಎನ್ನುವವರೇ ಜೂಜಿನ ಮನೆಯ ಬಾಡಿಗೆ ಏರಿಸಿದರು!

2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಗುಂಪಿನ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಬ್ಯಾಂಕ್ ನಿಫ್ಟಿ ಸೂಚ್ಯಂಕವನ್ನು ಬೇಕೆಂದಂತೆ ಎಳೆದಾಡಿದರು ಎಂಬುದು ಆರೋಪ. ಆ ಗುಂಪು ಅದನ್ನು ಒಪ್ಪಿಲ್ಲ. 2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಆ ಗುಂಪು ನಮ್ಮ ಪೇಟೆಯಲ್ಲಿ ಗಳಿಸಿದ್ದು 36,502 ಕೋಟಿ ಎಂದು ಆದೇಶದಲ್ಲಿದೆ. ಅಕ್ರಮ ಗಳಿಕೆ ಎಂದು ತಡೆಹಿಡಿಯಲು ಹೇಳಿದ್ದು 4,843 ಕೋಟಿ. ಸೆಬಿ ಈ ಕೆಲಸ ಮಾಡಿದ್ದಕ್ಕೆ ಶಹಬ್ಬಾಸ್ ಎನ್ನೋಣ. ಆದರೆ ಸಾಲು ಗಮನಿಸಿ. ಸಣ್ಣವನಿಗೆ ಬೀಗ ಬಿದ್ದದ್ದು 2024ರ ನವೆಂಬರಿನಲ್ಲಿ. ದೊಡ್ಡವನ ಮೇಲೆ ಆದೇಶ ಬಂದದ್ದು ಅದಾಗಿ ಏಳು ತಿಂಗಳ ಮೇಲೆ. ಕೆರೆಗೆ ಮೊಸಳೆ ಬಿದ್ದಿದೆ ಎಂಬ ಗುಮಾನಿ ಬಂದಾಗ ಮೊದಲು ಮೊಸಳೆ ಹುಡುಕಬೇಕೋ, ನೀರಿಗೆ ಬಂದ ಹಳ್ಳಿಯ ಹುಡುಗರನ್ನು ಹೊಡೆದು ಓಡಿಸಬೇಕೋ?

ಬೀಗ ಹಾಕಿದ್ದರಿಂದ ಸಾಧಿಸಿದ್ದೇನು? 2024-25ರ ಲೆಕ್ಕವೂ ಬಂದಿದೆ. ಕಳೆದುಕೊಂಡವರು ಶೇ. 91. ಒಟ್ಟು ನಷ್ಟ 1,05,603 ಕೋಟಿ. ಹಿಂದಿನ ವರ್ಷ ಅದು 74,812 ಕೋಟಿ ಇತ್ತು. ತಲಾ ನಷ್ಟವೂ ಏರಿ ಸುಮಾರು 1.1 ಲಕ್ಷವಾಯಿತು. ನಿಯಮಗಳು ಬಂದದ್ದು ವರ್ಷದ ನಡುವೆ, ಆದ್ದರಿಂದ ಏರಿದ ನಷ್ಟವನ್ನೆಲ್ಲ ನಿಯಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಇಷ್ಟು ಮಾತ್ರ ನಿಜ: ನೂರರಲ್ಲಿ 91 ಜನ ಕಳೆದುಕೊಳ್ಳುವುದು ತಪ್ಪಲಿಲ್ಲ. ಲಾಟ್ ದೊಡ್ಡದಾದರೆ ಒಳಗುಳಿದವನ ಏಟೂ ದೊಡ್ಡದಾಗುತ್ತದೆ. ತಿಳಿಯದವನು ಸಾಲ ತಂದಾದರೂ ಒಳಗೆ ಇರುತ್ತಾನೆ, ತಿಳಿದವನು ಲೆಕ್ಕ ಹಾಕಿ ಹೊರಗೆ ನಡೆಯುತ್ತಾನೆ. ನಮ್ಮ ಹಾಸನದ ಹುಡುಗ ನಡೆದಂತೆ.

ಅಂಗಳದ ಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು

ಬಡವನಿಗೆ ಆಸೆ ಇರಬಾರದೆಂದು ಕಾನೂನು ಮಾಡಲಾಗುವುದಿಲ್ಲ. ಬಾಡಿಗೆ ಏರುತ್ತದೆ, ಶಾಲೆಯ ಫೀಸು ಏರುತ್ತದೆ, ಬ್ಯಾಂಕಿನ ಬಡ್ಡಿ ಬೆಲೆಯೇರಿಕೆಗೇ ಸರಿಹೋಗುತ್ತದೆ. ಮುಂದಿನ ಬಾಗಿಲು ಮುಚ್ಚಿದರೆ ಜನ ಹಿತ್ತಿಲ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಸೆಬಿ ಇಲ್ಲ, ರಸೀದಿ ಇಲ್ಲ. ಡಬ್ಬಾ ಟ್ರೇಡಿಂಗ್ ಇದೆ, ಟೆಲಿಗ್ರಾಂ ಗುಂಪಿನ ನಕಲಿ ಆ್ಯಪ್ ಇದೆ, 'ತಿಂಗಳಿಗೆ ಶೇ. 3 ಗ್ಯಾರಂಟಿ' ಎನ್ನುವ ಕಚೇರಿ ಇದೆ. ಮತ್ತು ಗೆಳೆಯರೇ, ಇವರೆಲ್ಲ ಕನ್ನಡದಲ್ಲಿ ಮಾತನಾಡುತ್ತಾರೆ! ಮೋಸಗಾರ ನಮ್ಮ ಭಾಷೆ ಕಲಿತು ಬರುತ್ತಾನೆ, ಕಾಯಬೇಕಾದವನು ಕಲಿಯುವುದಿಲ್ಲ.

2019ರಲ್ಲಿ ಶಿವಾಜಿನಗರದ ಐಎಂಎ ಕುಸಿದಾಗ ಸಾವಿರಾರು ಕೋಟಿ ರೂಪಾಯಿ ಹೋಯಿತು. ಹೊಲಿಗೆ ಹೊಲಿದು ಕೂಡಿಟ್ಟ ಹೆಂಗಸರು ಕಚೇರಿಯ ಮುಂದೆ ಎದೆ ಬಡಿದುಕೊಂಡು ಅತ್ತದ್ದನ್ನು ಬೆಂಗಳೂರು ನೋಡಿದೆ. ಅಲ್ಲಿ ಆಪ್ಷನ್ ಇರಲಿಲ್ಲ, ಫ್ಯೂಚರ್ಸ್ ಇರಲಿಲ್ಲ, ಜಟಿಲವಾದದ್ದು ಏನೂ ಇರಲಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಟ್ಟು ಹಾಕಿದಾಗ, ಸಾಲಿನಲ್ಲಿ ನಿಂತವರು ನಿವೃತ್ತ ಮೇಷ್ಟರು, ಗುಮಾಸ್ತರು. ಅವರು ಮಾಡಿದ್ದು ಜಗತ್ತಿನ ಅತಿ ಸರಳ ಹೂಡಿಕೆ: ಎಫ್‌ಡಿ. ಸರಳವಾದದ್ದೆಲ್ಲ ಭದ್ರ, ಜಟಿಲವಾದದ್ದೆಲ್ಲ ಅಪಾಯ ಎಂಬ ಪಾಠ ಎಷ್ಟು ಟೊಳ್ಳೆಂದು ಅವರನ್ನು ಕೇಳಿ.

ಬಾಗಿಲು ತೆರೆದಾಗ ಆಕಾಶ ಬಿತ್ತೇ?

ಇಲ್ಲ. ಸಾಕ್ಷಿ ಸೆಬಿಯ ಕಡತದಲ್ಲೇ ಇದೆ. ದೇಶದ ಮೊದಲ ರೀಟ್, ಅಂದರೆ ಕಚೇರಿ ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ನಿಧಿ, 2019ರ ಏಪ್ರಿಲಿನಲ್ಲಿ ಪೇಟೆಗೆ ಬಂದ ಎಂಬಸಿ ರೀಟ್. ನಾಗವಾರದ ಮಾನ್ಯತಾ ಪಾರ್ಕ್ ಅದರ ಆಸ್ತಿ. ಆರಂಭದಲ್ಲಿ ಅರ್ಜಿ ಹಾಕಲು ಕನಿಷ್ಠ 2 ಲಕ್ಷ ಬೇಕಿತ್ತು. ಆ ಗೇಟಿನಲ್ಲಿ ಕಾವಲು ನಿಂತವನು, ಒಳಗೆ ಕ್ಯಾಂಟೀನ್ ನಡೆಸುವವನು, ಎಂಟನೇ ಮಹಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತುಮಕೂರಿನ ಹುಡುಗಿ — ಮೂವರೂ ಹೊರಗೆ. ನಮ್ಮ ಊರಿನ ಕಟ್ಟಡದ ಬಾಡಿಗೆ ಜಗತ್ತಿನ ಸಿರಿವಂತರಿಗೆ! ಆಮೇಲೆ ಸೆಬಿಯೇ ಆ ಮಿತಿಯನ್ನು 50 ಸಾವಿರಕ್ಕೆ, 2021ರಲ್ಲಿ 10ರಿಂದ 15 ಸಾವಿರಕ್ಕೆ ಇಳಿಸಿತು. ಈಗ ಒಂದು ಯೂನಿಟ್ ಕೂಡ ಕೊಳ್ಳಬಹುದು. ಏನು ಮುಳುಗಿತು?

ಕಂಪನಿ ಬಾಂಡುಗಳ ಕತೆಯೂ ಹಾಗೆಯೇ. ಒಂದು ಬಾಂಡಿನ ಮುಖಬೆಲೆ 10 ಲಕ್ಷ ಇತ್ತು. 2023ರಿಂದ ಒಂದು ಲಕ್ಷವಾಯಿತು, 2024ರಲ್ಲಿ 10 ಸಾವಿರಕ್ಕೆ ಇಳಿಸಲು ಅವಕಾಶ ಕೊಟ್ಟರು. ಸಣ್ಣವನ ಕೈಗೆ ಎಟುಕುವಂತೆ ಮಾಡಬಹುದು ಎಂದು ಅವರಿಗೆ ಗೊತ್ತಿದೆ. ಬೇಕೆಂದಾಗ ಮಾಡಿದ್ದಾರೆ. ಬೇಡವೆಂದಾಗ ನಮ್ಮ ಬಡತನ ತೋರಿಸುತ್ತಾರೆ.

ಹಾಗಾದರೆ ನಮ್ಮ ಬೇಡಿಕೆ ಏನು?

ಬಾಗಿಲು ಎಲ್ಲರಿಗೂ ಸುಮ್ಮನೆ ತೆರೆಯಿರಿ ಎಂದಲ್ಲ. ಬಸ್ಸು ಓಡಿಸುವವನಿಗೆ ಲೈಸೆನ್ಸ್ ಬೇಕು. ಆದರೆ ಆರ್‌ಟಿಓ ಕಚೇರಿಯಲ್ಲಿ 'ನಿನ್ನ ಬ್ಯಾಂಕಿನಲ್ಲಿ ಎಷ್ಟಿದೆ?' ಎಂದು ಕೇಳುವುದಿಲ್ಲ. 'ಗಾಡಿ ಓಡಿಸಿ ತೋರಿಸು' ಎನ್ನುತ್ತಾರೆ. ನಮ್ಮ ಮಾತೂ ಅಷ್ಟೇ.

ಒಂದು: ಜೇಬಿನ ಪರೀಕ್ಷೆ ತೆಗೆಯಿರಿ, ತಿಳಿವಳಿಕೆಯ ಪರೀಕ್ಷೆ ಇಡಿ. ಕನ್ನಡದಲ್ಲಿ ಇಡಿ. ಪಾಸಾದವನನ್ನು, ಅವನ ಆದಾಯಕ್ಕೆ ತಕ್ಕ ನಷ್ಟದ ಮಿತಿ ಹಾಕಿ, ಒಳಗೆ ಬಿಡಿ. ಕೋಟ್ಯಧಿಪತಿಗೂ ಅದೇ ಪರೀಕ್ಷೆ ಇರಲಿ.

ಎರಡು: ವಿಮೆಯಾಗಿ ಕೊಳ್ಳುವ ಸಣ್ಣವನಿಗೆ ಸಣ್ಣ ಲಾಟ್ ಕೊಡಿ. ತನ್ನ ಹೆಸರಿನಲ್ಲಿ ಷೇರೋ ಇಂಡೆಕ್ಸ್ ಫಂಡೋ ಇದ್ದವನು ಅಷ್ಟಕ್ಕೆ ಮಾತ್ರ ಪುಟ್ ಕೊಳ್ಳಲಿ. ಡಿಮ್ಯಾಟ್ ಖಾತೆಯಲ್ಲಿ ಎಲ್ಲವೂ ಕಾಣುತ್ತದೆ, ಲೆಕ್ಕ ಹಾಕುವುದು ಕಂಪ್ಯೂಟರಿಗೆ ಕಷ್ಟವಲ್ಲ.

ಮೂರು: ನಷ್ಟದ ಎಚ್ಚರಿಕೆ, ಕರಡು ನಿಯಮ, ಹೊಸ ಷೇರಿನ ವಿಡಿಯೋ — ಎಲ್ಲವೂ ಕನ್ನಡದಲ್ಲಿ, ಇಂಗ್ಲಿಷ್ ಬಂದ ದಿನವೇ ಬರಲಿ. ಕರ್ನಾಟಕದಲ್ಲಿ ಗ್ರಾಹಕರಿರುವ ಪ್ರತಿ ದಲ್ಲಾಳಿ ಕಂಪನಿಗೂ ಇದು ಕಡ್ಡಾಯವಾಗಲಿ.

ನಾಲ್ಕು: ಯಂತ್ರ ಹೂಡಿ ಆಡುವ ದೊಡ್ಡವರ ಮೇಲಿನ ಕಣ್ಗಾವಲು ಮೊದಲು, ಸಣ್ಣವರ ಮೇಲಿನ ನಿರ್ಬಂಧ ಆಮೇಲೆ.

ಇದನ್ನೆಲ್ಲ ಕೇಳಲು ನಮಗೇನು ಹಕ್ಕು ಎಂದು ಯಾರಾದರೂ ಕೇಳಿದರೆ ಸಂವಿಧಾನ ತೆಗೆದು ತೋರಿಸಿ. 350ನೇ ವಿಧಿ: ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಯಾವುದೇ ಪ್ರಾಧಿಕಾರಕ್ಕೆ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. 1992ರ ಸೆಬಿ ಕಾಯ್ದೆ ಅದಕ್ಕೆ ಕೊಟ್ಟ ಮೊದಲ ಕೆಲಸ ಹೂಡಿಕೆದಾರರ ಹಿತ ಕಾಯುವುದು. ಭಾಷೆ ತಿಳಿಯದೆ ಹಿತ ಕಾಯುವುದು ಹೇಗೆ?

ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಬೇಕೆಂದು ನಮ್ಮ ಹಿರಿಯರು ಕೌಂಟರಿನ ಮುಂದೆ ನಿಂತು ಜಗಳವಾಡಿದರು. 1982ರಲ್ಲಿ ಗೋಕಾಕ್ ವರದಿಗಾಗಿ ನಾಡು ಬೀದಿಗಿಳಿಯಿತು. ಅಂದಿನ ಹೋರಾಟ ಶಾಲೆಯ ಬಾಗಿಲಲ್ಲಿ ನಡೆಯಿತು. ಇಂದಿನದು ದುಡ್ಡಿನ ಬಾಗಿಲಲ್ಲಿ. ಶಾಲೆಯಲ್ಲಿ ಕನ್ನಡ ಉಳಿದು ಹಣಕಾಸಿನಲ್ಲಿ ಸತ್ತರೆ, ಕನ್ನಡ ಕಲಿತ ಹುಡುಗ ಕಾವಲುಗಾರನಾಗಿ ಉಳಿಯುತ್ತಾನೆ, ಇಂಗ್ಲಿಷ್ ಕಲಿತವನು ಮಾಲೀಕನಾಗುತ್ತಾನೆ.

ಆದ್ದರಿಂದ ಗೆಳೆಯರೇ, ಈ ತಿಂಗಳು ಒಂದು ಕೆಲಸ ಮಾಡಿ. ಒಂದು ಕಾರ್ಡು ತೆಗೆದುಕೊಳ್ಳಿ. ಮುಂಬೈಯ ಸೆಬಿ ಅಧ್ಯಕ್ಷರಿಗೆ ನಿಮ್ಮ ಕೈಯಾರೆ, ಕನ್ನಡದಲ್ಲಿ ಬರೆಯಿರಿ: 'ನನ್ನ ಜೇಬು ಅಳೆಯಬೇಡಿ, ನನ್ನ ಬುದ್ಧಿ ಅಳೆಯಿರಿ, ನನ್ನ ಭಾಷೆಯಲ್ಲಿ ಅಳೆಯಿರಿ.' ಕೆಳಗೆ ಹೆಸರು, ಊರು. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಒಂದು ಪ್ರತಿ, ನಿಮ್ಮ ಲೋಕಸಭಾ ಸದಸ್ಯನಿಗೆ ಒಂದು ಪ್ರತಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಸಂಘದ ಕಚೇರಿಗೆ ತಂದು ಕೊಡಿ, ಮುಂದಿನದನ್ನು ಬೀದಿಯಲ್ಲಿ ನೋಡಿಕೊಳ್ಳೋಣ.

ಅಲ್ಲಿಯವರೆಗೆ ಇನ್ನೊಂದು ಮಾತು. ತಿಳಿಯದ ಪೇಟೆಗೆ ಇಳಿಯಬೇಡಿ. ತಮ್ಮನ ಫೋನಿನಲ್ಲಿ ಆ ಇಂಗ್ಲಿಷ್ ಚೌಕ ಕಂಡರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿ. ಸೆಬಿ ಮಾಡದ ಕೆಲಸವನ್ನು ಅಣ್ಣನಾದವನು ಮಾಡಲಿ. ಪೀಣ್ಯದ ಆ ಹುಡುಗ ಈಗ ಪ್ರತಿ ಭಾನುವಾರ ಸಂಘದ ಕಚೇರಿಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದಾನೆ. ಮೊದಲ ಪಾಠ: 'ನನಗೆ ಅರ್ಥವಾಗಿದೆ' ಎಂಬ ಗುಂಡಿಯನ್ನು ಅರ್ಥವಾಗದೆ ಒತ್ತಬೇಡಿ.

ಜೈ ಕರ್ನಾಟಕ!